ಮೊಟ್ಟೆಯಿಲ್ಲದ ಮಯೋನೀಸ್: ನೀರಾಗಿದೆಯೋ, ಒಡೆದಿದೆಯೋ?

ಕಳೆದ ಭಾನುವಾರ ಮಧ್ಯಾಹ್ನ ನಾದಿನಿಯ ಫೋನ್ ಬಂತು. "ಅತ್ತಿಗೆ, ಮಯೋನೀಸ್ ಮಜ್ಜಿಗೆಯ ಹಾಗೆ ಆಗಿದೆ. ಇನ್ನೊಂದು ಲೋಟ ಹಾಲು ಹಾಕಲೇ?"

ಮಗಳ ಹುಟ್ಟುಹಬ್ಬ, ಸಂಜೆ ಐದಕ್ಕೆ ಮಕ್ಕಳ ದಂಡು ಬರುವುದಿತ್ತು. ಮನೆಯಲ್ಲಿ ಮೊಟ್ಟೆ ಒಳಗೆ ತರುವಂತಿಲ್ಲ.

"ಹಾಲು ಮುಟ್ಟಬೇಡ. ಒಂದು ಬಟ್ಟಲಿನಲ್ಲಿ ತಣ್ಣೀರು ತೆಗೆದುಕೋ. ನಿನ್ನ ಮಜ್ಜಿಗೆಯನ್ನು ಅದರಲ್ಲಿ ಒಂದು ಹನಿ ಬಿಡು. ಏನಾಯಿತು ಹೇಳು."

"ಹಾಲಿನ ಹಾಗೆ ಕರಗಿಹೋಯಿತು."

"ಹಾಗಾದರೆ ಒಡೆದಿಲ್ಲ. ಇನ್ನೂ ಎಣ್ಣೆ ಹಾಕು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ತೆಳ್ಳಗಿರುವುದಕ್ಕೆ ಇನ್ನಷ್ಟು ಎಣ್ಣೆ ಸುರಿ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಸಾರು ತೆಳ್ಳಗಾದರೆ ಕುದಿಸುತ್ತೇವೆ, ಹುಳಿಗೆ ಹಿಟ್ಟು ಕದಡಿ ಹಾಕುತ್ತೇವೆ. ಎಣ್ಣೆ ಸುರಿದು ಯಾವುದನ್ನಾದರೂ ಗಟ್ಟಿ ಮಾಡಿದ ಅನುಭವ ನಮ್ಮ ಅಡುಗೆಮನೆಗೆ ಇಲ್ಲ. ಮಯೋನೀಸ್ ಕೆಡುವುದೂ, ಕೆಟ್ಟದ್ದನ್ನು ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸುವುದೂ ಬಹುತೇಕ ಇದೇ ಕಾರಣಕ್ಕೆ. ನೀರಾಗುವುದು ಬೇರೆ ರೋಗ, ಒಡೆಯುವುದು ಬೇರೆ ರೋಗ. ಒಂದರ ಮದ್ದು ಇನ್ನೊಂದಕ್ಕೆ ವಿಷ. ನೀರಾಗಿದ್ದರೆ ಎಣ್ಣೆ ಬೇಕು, ಒಡೆದಿದ್ದರೆ ಹಾಲು ಬೇಕು. ಮೇಲಿನಿಂದ ನೋಡಿದರೆ ಎರಡೂ ಒಂದೇ ಬಗೆಯ ಬಿಳಿ ನೀರು, ಆದ್ದರಿಂದಲೇ ಬಟ್ಟಲಿನ ತಣ್ಣೀರು ಬೇಕಾಗುವುದು.

ಹನಿಯ ಪರೀಕ್ಷೆ

ಹನಿ ನೀರಿಗೆ ಬಿದ್ದು, ಬೆರಳಿನಿಂದ ಕಲಕಿದ ಕೂಡಲೇ ನೀರೆಲ್ಲ ಬೆಳ್ಳಗಾದರೆ ಒಳಗಿನ ಕಟ್ಟು ಗಟ್ಟಿಯಾಗಿಯೇ ಇದೆ ಎಂದು ತಿಳಿಯಿರಿ. ಎಣ್ಣೆಯ ಹನಿಗಳು ಹಾಲಿನ ನೀರಿನೊಳಗೇ ಇವೆ, ಸಂಖ್ಯೆಯಲ್ಲಿ ಕಡಿಮೆ ಅಷ್ಟೆ. ಹಾಗಲ್ಲದೆ ಹನಿ ಮೇಲೆ ತೇಲಿ, ಸುತ್ತ ಹಳದಿ ಎಣ್ಣೆಯ ಕಣ್ಣುಗಳು ಬಿಟ್ಟುಕೊಂಡರೆ ಒಡೆದಿದೆ. ಸ್ಟೀಲ್ ತಟ್ಟೆಯ ಮೇಲೆ ಒಂದು ಚಮಚ ಹಾಕಿ ವಾಲಿಸಿದರೂ ಗೊತ್ತಾಗುತ್ತದೆ. ಒಡೆದದ್ದು ಹರಿದುಹೋದ ದಾರಿಯಲ್ಲಿ ಹೊಳೆಯುವ ಎಣ್ಣೆಯ ಜಾಡು ಉಳಿಯುತ್ತದೆ, ನೀರಾದದ್ದು ಬಿಳಿ ಜಾಡು ಬಿಡುತ್ತದೆ.

ಇದರ ಹಿಂದಿನ ಲೆಕ್ಕ ಇಷ್ಟು. ಮಯೋನೀಸ್ ಎಂದರೆ ನೀರಿನಲ್ಲಿ ಚದುರಿದ, ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಯ ಹನಿಗಳು. ಹನಿಗಳು ಒಂದನ್ನೊಂದು ಕೂಡಿಕೊಳ್ಳದಂತೆ ಮೊಟ್ಟೆಯದರಲ್ಲಿ ಹಳದಿಯ ಲೆಸಿಥಿನ್ ಮತ್ತು ಪ್ರೋಟೀನುಗಳು ಹೊದಿಕೆ ಹಾಕುತ್ತವೆ, ಹಾಲಿನದರಲ್ಲಿ ಆ ಕೆಲಸ ಕೇಸಿನ್ ಮೊದಲಾದ ಹಾಲಿನ ಪ್ರೋಟೀನುಗಳದ್ದು. ಗಟ್ಟಿತನ ಬರುವುದು ಮಾತ್ರ ಇಕ್ಕಟ್ಟಿನಿಂದ. ಬೆಳಗಿನ ಎಂಟೂವರೆಯ ಬಸ್ಸಿನಲ್ಲಿ ಜನ ಕಿಕ್ಕಿರಿದಾಗ ಯಾರೂ ಮಿಸುಕಾಡಲು ಆಗುವುದಿಲ್ಲವಲ್ಲ, ಹಾಗೆ. ಒಂದೇ ಗಾತ್ರದ ಗುಂಡುಗಳನ್ನು ಎಷ್ಟೇ ಒಪ್ಪವಾಗಿ ಜೋಡಿಸಿದರೂ ಅವು ತುಂಬುವುದು ಜಾಗದ ಶೇಕಡ 74ರಷ್ಟನ್ನು ಮಾತ್ರ. ಎಣ್ಣೆ ಆ ಮಟ್ಟಕ್ಕೆ ಹತ್ತಿರ ಬಂದಾಗ ಹನಿಗಳು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ, ಚಮಚ ನೆಟ್ಟರೆ ನಿಲ್ಲುವ ಹದ ಬರುತ್ತದೆ. ಹಾಲು ಅರ್ಧ, ಎಣ್ಣೆ ಅರ್ಧ ಹಾಕಿ ಒಂದು ಗಂಟೆ ಮಿಕ್ಸಿ ತಿರುಗಿಸಿದರೂ ಅದು ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇದ್ದಂತೆಯೇ.

ನನ್ನ ಅಳತೆ

ದೋಷ ಹುಡುಕಲು ಒಂದು ಮೂಲ ಅಳತೆ ಬೇಕು. ನಾನು ಇಟ್ಟುಕೊಂಡಿರುವುದು ಇದು: ಫ್ರಿಜ್ಜಿನಿಂದ ಆಗ ತಾನೇ ತೆಗೆದ ಹಾಲು 100 ಮಿಲಿ, ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆ 200ರಿಂದ 225 ಮಿಲಿ, ಉಪ್ಪು ಅರ್ಧ ಟೀ ಚಮಚ, ಸಕ್ಕರೆ ಒಂದು, ಸಾಸಿವೆ ಪುಡಿ ಕಾಲು, ಕೊನೆಯಲ್ಲಿ ವಿನೆಗರ್ ಅಥವಾ ನಿಂಬೆರಸ ಮೂರು ಟೀ ಚಮಚ. ಅಳತೆಯ ಕಪ್ ಇಲ್ಲದಿದ್ದರೆ ಒಂದೇ ಸಣ್ಣ ಲೋಟದಲ್ಲಿ ಎರಡನ್ನೂ ಅಳೆಯಿರಿ: ಒಂದು ಲೋಟ ಹಾಲಿಗೆ ಎರಡು ಲೋಟ ಎಣ್ಣೆ, ಮೇಲೆ ಎರಡು ಚಮಚ. ಹಾಲನ್ನು ಕಾಫಿ ಲೋಟದಲ್ಲಿ, ಎಣ್ಣೆಯನ್ನು ಔಷಧಿ ಮುಚ್ಚಳದಲ್ಲಿ ಅಳೆದವರನ್ನು ನಾನು ನೋಡಿದ್ದೇನೆ.

ಸ್ಪೇನಿನಲ್ಲಿ ಹಾಲಿನ ಈ ಮಯೋನೀಸಿಗೆ ಲಾಕ್ಟೊನೇಸಾ ಎಂಬ ಹೆಸರೇ ಇದೆ. ನಮ್ಮಲ್ಲಿ ಸಸ್ಯಾಹಾರಿಗಳ ಅಗತ್ಯಕ್ಕೆ ಬಂದದ್ದು, ಈಚೆಗೆ ಇನ್ನೊಂದು ಕಾರಣಕ್ಕೂ ಬೇಕಾಗಿದೆ. ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ 2023ರ ಜನವರಿಯಲ್ಲಿ ನಿಷೇಧಿಸಿತು, ತೆಲಂಗಾಣ 2024ರ ಅಕ್ಟೋಬರ್ ಕೊನೆಯಲ್ಲಿ ಮತ್ತು ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಒಂದೊಂದು ವರ್ಷದ ಮಟ್ಟಿಗೆ ನಿಷೇಧಿಸಿದವು. ಹಸಿ ಮೊಟ್ಟೆಯಿಂದ ಬರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಭಯ ಅದು.

ಹಾಲಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಇದೆ, ಗಟ್ಟಿ ಹಾಲೇ ಬೇಕು ಎಂದು. ಇಲ್ಲಿ ದುಡಿಯುವುದು ಕೊಬ್ಬಲ್ಲ, ಪ್ರೋಟೀನ್. ಶೇಕಡ 3 ಕೊಬ್ಬಿನ ಟೋನ್ಡ್ ಹಾಲು, ಅಂದರೆ ನಂದಿನಿಯ ನೀಲಿ ಪ್ಯಾಕೆಟ್, ಸಾಕಷ್ಟಾಯಿತು. ಶೇಕಡ 1.5ರ ಡಬಲ್ ಟೋನ್ಡ್ ಕೂಡ ಕಟ್ಟುತ್ತದೆ. ಕಾಯಿಸಿದ ಹಾಲಾದರೆ ಕೆನೆ ತೆಗೆದು, ಸೋಸಿ, ಪೂರ್ತಿ ತಣ್ಣಗೆ ಮಾಡಿ ಬಳಸಿ.

ನೀರಾಗಿಯೇ ಉಳಿದಿದ್ದರೆ

ಹನಿಯ ಪರೀಕ್ಷೆಯಲ್ಲಿ ಪಾಸಾಗಿ, ಆದರೂ ತೆಳ್ಳಗಿದೆ. ಮೊದಲು ಕೇಳಬೇಕಾದದ್ದು: ಹುಳಿ ಹಾಕಿದಿರಾ? ಹಾಲಿನ ಮಯೋನೀಸ್ ಹುಳಿ ಬೀಳುವವರೆಗೆ ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರುತ್ತದೆ, ಅಷ್ಟೆ. ವಿನೆಗರ್ ಬಿದ್ದು ಎರಡು ಸುತ್ತು ತಿರುಗಿದ ಕೂಡಲೇ ಕಣ್ಣೆದುರಿಗೇ ಬಿಗಿಯುತ್ತದೆ. ಹುಳಿ ಹೆಚ್ಚಿದಂತೆ ಕೇಸಿನ್ ಕಣಗಳು ಒಂದಕ್ಕೊಂದು ಅಂಟಿ ಜಾಲ ಕಟ್ಟುತ್ತವೆ. ಮೊಸರು ಹೆಪ್ಪಾಗುವುದೂ ಹೀಗೆಯೇ, ಅಲ್ಲಿ ಒಂದು ರಾತ್ರಿ ಬೇಕು, ಇಲ್ಲಿ ಐದು ಸೆಕೆಂಡು.

ಹುಳಿ ಹಾಕಿಯೂ ತೆಳ್ಳಗಿದ್ದರೆ ಎಣ್ಣೆ ಕಡಿಮೆ. ಮಿಕ್ಸಿ ತಿರುಗುತ್ತಿರುವಾಗಲೇ ಎರಡೆರಡು ಚಮಚ ಸೇರಿಸಿ. ಇಲ್ಲಿ ಕಿವಿಯೂ ಕೆಲಸಕ್ಕೆ ಬರುತ್ತದೆ. ತೆಳ್ಳಗಿರುವಾಗ ಜಾರಿನೊಳಗಿನ ಸದ್ದು ಮಜ್ಜಿಗೆ ಕಡೆದಂತೆ ಚಳಚಳ ಇರುತ್ತದೆ, ನಡುವೆ ಸುಳಿ ಕಾಣುತ್ತದೆ. ಹದ ಬರುತ್ತಿದ್ದಂತೆ ಸದ್ದು ದಪ್ಪಗಾಗಿ ತಗ್ಗುತ್ತದೆ, ಸುಳಿ ಮುಚ್ಚಿಕೊಳ್ಳುತ್ತದೆ, ಮೇಲೆ ಸುರಿದ ಎಣ್ಣೆ ಒಳಗೆ ಹೋಗದೆ ಕೆರೆಯಂತೆ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಿಂತ ಆ ಎಣ್ಣೆಯನ್ನು ಸೌಟಿನಿಂದ ಒಮ್ಮೆ ಮಡಚಿ ಎರಡೇ ಸೆಕೆಂಡು ತಿರುಗಿಸಿ.

ಇನ್ನೊಂದು ಕಾರಣ ಜಾರು. ದೊಡ್ಡ ಜಾರಿನಲ್ಲಿ 100 ಮಿಲಿ ಹಾಲು ಹಾಕಿದರೆ ಬ್ಲೇಡಿನ ಮೊಣಕಾಲಿಗೂ ಬರುವುದಿಲ್ಲ. ಗಾಳಿಯನ್ನು ಕಡೆಯುತ್ತದೆ, ನೊರೆ ಏಳುತ್ತದೆ, ಎಣ್ಣೆ ಗೋಡೆಗೆ ಸಿಡಿಯುತ್ತದೆ. ಚಟ್ನಿ ಜಾರನ್ನೇ ಬಳಸಿ, ಬ್ಲೇಡ್ ಮುಳುಗಿರಬೇಕು. ಕೈಯಿಂದ ಕಡೆಗೋಲಿನಲ್ಲಿ ಕಡೆದರೆ ಆಗುವುದಿಲ್ಲವೇ ಎಂದು ಅತ್ತೆಯವರು ಕೇಳಿದ್ದರು. ಹಾಲಿನದು ಆಗುವುದಿಲ್ಲ. ಹನಿಗಳು ಅಷ್ಟು ಸಣ್ಣದಾಗಲು ಬ್ಲೇಡಿನ ವೇಗ ಬೇಕು.

ಬಾದಾಮಿ ಹಾಲಿನ ಪ್ಯಾಕೆಟ್ಟಿನಿಂದ ಮಾಡಲು ಹೋದವರಿಗೆ: ಅದರಲ್ಲಿ ಬಹುಪಾಲು ನೀರು, ಪ್ರೋಟೀನ್ ತೀರಾ ಕಡಿಮೆ. ಹಾಲು ಬೇಡದವರು ಸಕ್ಕರೆ ಹಾಕದ ಸೋಯಾ ಹಾಲು ತೆಗೆದುಕೊಳ್ಳಲಿ, ಇದೇ ಅಳತೆ ನಡೆಯುತ್ತದೆ.

ಒಡೆದಿದ್ದರೆ

ಒಡೆಯುವುದನ್ನು ನಾವು ನೋಡಿಲ್ಲದವರೇನೂ ಅಲ್ಲ. ಬೆಣ್ಣೆ ತೆಗೆಯುವುದೆಂದರೆ ಅದೇ. ಕೆನೆಯಲ್ಲಿ ಕೊಬ್ಬಿನ ಹನಿಗಳು ನೀರಿನೊಳಗಿರುತ್ತವೆ, ಕಡೆದು ಕಡೆದು ಅವುಗಳ ಹೊದಿಕೆ ಹರಿದಾಗ ಒಂದಕ್ಕೊಂದು ಕೂಡಿ ಬೆಣ್ಣೆ ಮೇಲೆ ಬರುತ್ತದೆ. ಚಳಿಗಾಲದಲ್ಲಿ ಬೆಣ್ಣೆ ಬರದಿದ್ದರೆ ಅಜ್ಜಿ ಸ್ವಲ್ಪ ಉಗುರುಬೆಚ್ಚಗಿನ ನೀರು ಹಾಕುತ್ತಿದ್ದರು. ಅಂದರೆ ಬೆಚ್ಚಗಾದರೆ ಹನಿಗಳು ಬೇಗ ಕೂಡುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಮಯೋನೀಸಿನಲ್ಲಿ ಅಜ್ಜಿಯ ಬುದ್ಧಿಯನ್ನು ತಲೆಕೆಳಗು ಮಾಡಿ ಬಳಸಬೇಕು: ಎಲ್ಲವೂ ತಣ್ಣಗಿರಲಿ, ಅತಿಯಾಗಿ ಕಡೆಯಬೇಡಿ.

ಶಾಖ ಬರುವುದು ಎಲ್ಲಿಂದ? ಹಾಲಿನಿಂದಲ್ಲ, ಮಿಕ್ಸಿಯಿಂದ. 750 ವ್ಯಾಟಿನ ಮೋಟಾರು ಚಟ್ನಿ ಜಾರಿನ ಇಷ್ಟು ಸಣ್ಣ ಪ್ರಮಾಣವನ್ನು ಒಂದೇ ಸಮನೆ ತಿರುಗಿಸಿದರೆ ಒಂದೆರಡು ನಿಮಿಷದಲ್ಲಿ ಜಾರಿನ ತಳ ಬೆಚ್ಚಗಾಗುತ್ತದೆ. ನಾನು ಹತ್ತು ಸೆಕೆಂಡು ತಿರುಗಿಸಿ ನಿಲ್ಲಿಸುತ್ತೇನೆ, ತಳಕ್ಕೆ ಅಂಗೈ ಇಟ್ಟು ನೋಡುತ್ತೇನೆ. ಬೆಚ್ಚಗೆ ಅನ್ನಿಸಿದರೆ ಜಾರನ್ನೇ ಐದು ನಿಮಿಷ ಫ್ರೀಜರಿನಲ್ಲಿ ಇಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಕಡೆಯವರು ಎಣ್ಣೆಯನ್ನೂ ಕಾಲು ಗಂಟೆ ಫ್ರಿಜ್ಜಿನಲ್ಲಿ ಇಟ್ಟು ತೆಗೆಯುವುದು ಒಳ್ಳೆಯದು.

ಎರಡನೆಯ ಕಾರಣ ಆತುರ. ಮೊದಲ ನಾಲ್ಕೈದು ಚಮಚ ಎಣ್ಣೆ ಒಗ್ಗರಣೆಗೆ ಹಾಕುವಂತೆ ಸುರಿದರೆ ಕೆಲಸ ಕೆಟ್ಟಿತು. ಮುಚ್ಚಳದ ನಡುವೆ ತೂತಿದ್ದರೆ ದಾರದಂತೆ ಬಿಡಿ. ಬಹಳಷ್ಟು ಚಟ್ನಿ ಜಾರುಗಳ ಮುಚ್ಚಳದಲ್ಲಿ ತೂತೇ ಇರುವುದಿಲ್ಲ, ಆಗ ಎರಡು ಚಮಚ ಹಾಕಿ, ಹತ್ತು ಸೆಕೆಂಡು ತಿರುಗಿಸಿ, ಮುಚ್ಚಳ ತೆಗೆದು ಮತ್ತೆ ಎರಡು ಚಮಚ. ಅರ್ಧ ಎಣ್ಣೆ ಒಳಗೆ ಹೋದ ಮೇಲೆ ಧಾರಾಳವಾಗಿ ಹಾಕಬಹುದು. ಹ್ಯಾಂಡ್ ಬ್ಲೆಂಡರ್ ಇರುವವರಿಗೆ ಈ ತಾಪತ್ರಯವೇ ಇಲ್ಲ. ಬ್ಲೆಂಡರಿನ ತಲೆಗಿಂತ ಸ್ವಲ್ಪವೇ ಅಗಲವಾದ ಎತ್ತರದ ಲೋಟದಲ್ಲಿ ಹಾಲು, ಅದರ ಮೇಲೆ ಅಷ್ಟೂ ಎಣ್ಣೆ. ತಲೆಯನ್ನು ತಳಕ್ಕೆ ಒತ್ತಿ ಹಿಡಿದು, ಹದಿನೈದು ಸೆಕೆಂಡು ಅಲ್ಲಾಡಿಸದೆ ತಿರುಗಿಸಿ, ಬಿಳುಪು ಮೇಲೇರತೊಡಗಿದ ಮೇಲೆ ನಿಧಾನವಾಗಿ ಎತ್ತಿ. ಮೊದಲೇ ಎತ್ತಿದರೆ ಎಣ್ಣೆಯೆಲ್ಲ ಒಮ್ಮೆಲೇ ಒಳಗೆ ನುಗ್ಗಿ ಒಡೆಯುತ್ತದೆ.

ಮೂರನೆಯದು ದುರಾಸೆ. ಎಣ್ಣೆ ಹಾಕಿದಷ್ಟೂ ಗಟ್ಟಿಯಾಗುತ್ತದೆ ಎಂದು ತಿಳಿದ ಮೇಲೆ ಕೆಲವರು ನಿಲ್ಲಿಸುವುದೇ ಇಲ್ಲ. ಹಾಲಿನ ಮೂರರಷ್ಟನ್ನು ದಾಟಿದರೆ ಹೊದಿಕೆಗೆ ಪ್ರೋಟೀನೂ ಸಾಲದು, ನಡುವೆ ನಿಲ್ಲಲು ನೀರೂ ಸಾಲದು. ಕಲ್ಲಿನಂತೆ ಗಟ್ಟಿಯಿದ್ದದ್ದು ಒಂದೇ ಚಮಚ ಎಣ್ಣೆಗೆ ಸರ್ರನೆ ಒಡೆಯುತ್ತದೆ.

ಒಡೆದದ್ದನ್ನು ಉಳಿಸುವುದು ಕಷ್ಟವಲ್ಲ, ಅದೇ ಜಾರಿನಲ್ಲಿ ತಿರುಗಿಸುತ್ತಾ ಹೋಗದಿದ್ದರೆ. ತಿರುಗಿಸಿದಷ್ಟೂ ಬಿಸಿ, ಬಿಸಿಯಾದಷ್ಟೂ ಒಡಕು. ಒಡೆದದ್ದನ್ನು ಪಾತ್ರೆಗೆ ಬಗ್ಗಿಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಜಾರು ತೊಳೆದು ಒರೆಸಿ, ಅದರಲ್ಲಿ ಮೂರು ದೊಡ್ಡ ಚಮಚ ಹೊಸ ತಣ್ಣನೆಯ ಹಾಲು, ಚಿಟಿಕೆ ಸಾಸಿವೆ ಪುಡಿ. ಈಗ ಒಡೆದದ್ದನ್ನೇ ಎಣ್ಣೆ ಎಂದುಕೊಂಡು ಚಮಚ ಚಮಚವಾಗಿ ಸೇರಿಸಿ. ಪಾತ್ರೆಯಲ್ಲಿ ಎಣ್ಣೆ ಪೂರ್ತಿ ಮೇಲೆ ಬಂದು ನಿಂತಿದ್ದರೆ ಅದನ್ನು ಬೇರೆ ಬಗ್ಗಿಸಿಟ್ಟು, ಕೆಳಗಿನ ಬಿಳಿಯದನ್ನು ಮೊದಲು, ಎಣ್ಣೆಯನ್ನು ಆಮೇಲೆ ಹಾಕಿ. ಹತ್ತರಲ್ಲಿ ಎಂಟು ಸಲವಾದರೂ ನನಗೆ ಮರಳಿ ಕಟ್ಟಿದೆ.

ತರಿತರಿಯಾಗಿದ್ದರೆ

ಇದು ಬೇರೆಯೇ ಜಾತಿ. ನಾಲಿಗೆಗೆ ರವೆಯಂತೆ ಸಿಗುತ್ತದೆ. ನಾನು ಮೊದಲ ಸಲ ಮಾಡಿದ್ದು ಹೀಗೇ ಆಯಿತು. ಬೆಳಿಗ್ಗೆ ಕಾಯಿಸಿದ ಹಾಲು, ಕರೆಂಟ್ ಹೋಗಿ ಫ್ರಿಜ್ಜಿನಲ್ಲಿ ಇಟ್ಟರೂ ಆರಿರಲಿಲ್ಲ, ಕರೆಂಟ್ ಬಂದ ಕೂಡಲೇ ನಿಂಬೆರಸವನ್ನೂ ಹಾಲನ್ನೂ ಒಟ್ಟಿಗೇ ಹಾಕಿ ತಿರುಗಿಸಿದೆ. ಅದು ಮಯೋನೀಸ್ ಅಲ್ಲ, ಎಣ್ಣೆಯಲ್ಲಿ ಅದ್ದಿದ ಪನೀರ್. ಹಾಲು ಬೆಚ್ಚಗಿದ್ದು ಹುಳಿ ಮೊದಲೇ ಬಿದ್ದರೆ ಎಣ್ಣೆಗೆ ಹೊದಿಕೆಯಾಗಬೇಕಾದ ಕೇಸಿನ್ ತಾನೇ ಗಂಟುಗಟ್ಟಿ ಕುಳಿತುಬಿಡುತ್ತದೆ. ಇದಕ್ಕೆ ಮದ್ದಿಲ್ಲ. ಹಾಲಿನ ಮಯೋನೀಸಿನಲ್ಲಿ ಹುಳಿ ಕಡೆಗೇ ಬರಲಿ ಎಂದು ನಾನು ಹಟ ಹಿಡಿಯುವುದು ಆ ದಿನದ ನಂತರ.

ಅಂಗಡಿಯ ಫ್ರೆಶ್ ಕ್ರೀಮಿನಿಂದ ಮಾಡುವವರಿಗೆ ಬರುವ ತರಿ ಬೇರೆ, ಅದು ಬೆಣ್ಣೆ. ಹಳದಿ ಕಾಳುಗಳು, ಸುತ್ತ ನೀಲಿ ಛಾಯೆಯ ನೀರು ಕಂಡರೆ ನೀವು ಕಡೆದು ಮುಗಿಸಿದ್ದೀರಿ ಎಂದರ್ಥ. ಚಪಾತಿಗೆ ಹಚ್ಚಿಕೊಳ್ಳಿ. ಗೋಡಂಬಿ ಅಥವಾ ಪನೀರ್ ಅರೆದು ಮಾಡುವ ಬಗೆಯಲ್ಲಿ ತರಿ ಬಂದರೆ ನೆನೆದದ್ದು ಸಾಲದು ಅಷ್ಟೆ. ಅವು ನಿಜಕ್ಕೂ ಮಯೋನೀಸೂ ಅಲ್ಲ, ಗಟ್ಟಿ ಚಟ್ನಿಗಳು. ರುಚಿಯ ಬಗ್ಗೆ ದೂರಿಲ್ಲ.

ಕಹಿ ಮತ್ತು ವಾಸನೆ

ಕಹಿ ಬಂದರೆ ಮೊದಲ ಅನುಮಾನ ಸಾಸಿವೆಯ ಮೇಲೆ. ಮಾವಿನಹಣ್ಣಿನ ಸಾಸಿವೆ ಮಾಡುವವರಿಗೆ ಹೇಳಬೇಕಾಗಿಲ್ಲ, ಸಾಸಿವೆ ಒಂದು ಚಿಟಿಕೆ ಹೆಚ್ಚಾದರೂ, ಅರೆದದ್ದು ಹೆಚ್ಚಾದರೂ ಕಹಿ. ವಿದೇಶಿ ಪಾಕವಿಧಾನದಲ್ಲಿ ಒಂದು ಚಮಚ ಮಸ್ಟರ್ಡ್ ಎಂದು ಬರೆದಿರುವುದು ವಿನೆಗರ್ ಬೆರೆಸಿದ ಬಾಟಲಿಯ ಮುದ್ದೆಯನ್ನು. ನಮ್ಮ ಕಪ್ಪು ಸಾಸಿವೆಯ ಪುಡಿ ಅಷ್ಟು ಹಾಕಿದರೆ ಮೂಗಿನಲ್ಲಿ ನೀರು ಬರುತ್ತದೆ. ಕಾಲು ಚಮಚ ಸಾಕು, ಅದು ರುಚಿಯ ಜೊತೆಗೆ ಎಣ್ಣೆ ಹಿಡಿದಿಡಲೂ ಸ್ವಲ್ಪ ನೆರವಾಗುತ್ತದೆ.

ಎರಡನೆಯ ಅನುಮಾನ ಆಲಿವ್ ಎಣ್ಣೆ. ಎಕ್ಸ್‌ಟ್ರಾ ವರ್ಜಿನ್ ಬಗೆಯನ್ನು ಬ್ಲೇಡಿನಲ್ಲಿ ವೇಗವಾಗಿ ತಿರುಗಿಸಿದರೆ ಅದರ ಕಹಿ ಎದ್ದು ಕಾಣುತ್ತದೆ. ಬೇಕೆಂದರೆ ಕೊನೆಯಲ್ಲಿ ಒಂದು ಚಮಚ ಕೈಯಿಂದ ಕಲಸಿ.

ಗಾಣದ ಎಣ್ಣೆಯ ಅಭಿಮಾನಿಗಳ ಕ್ಷಮೆ ಕೇಳಿಯೇ ಹೇಳುತ್ತೇನೆ, ಇಲ್ಲಿ ಅದು ಬೇಡ. ಗಾಣದ ಶೇಂಗಾ ಎಣ್ಣೆಯ ಘಮ ಚಟ್ನಿಪುಡಿಯ ಮೇಲೆ ಸ್ವರ್ಗ, ಮಯೋನೀಸಿನಲ್ಲಿ ಮೂರರಲ್ಲಿ ಎರಡು ಪಾಲು ಅದೇ ಇದ್ದರೆ ಬಾಯಿ ಪೂರ್ತಿ ಕಡಲೆಕಾಯಿ. ಕರಾವಳಿಯವರ ತೆಂಗಿನೆಣ್ಣೆಯದು ಇನ್ನೊಂದು ಸಮಸ್ಯೆ, ಅದು ಮರುದಿನ ಗೊತ್ತಾಗುತ್ತದೆ.

ಮರುದಿನದ ದೂರುಗಳು

ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ರಾತ್ರಿ ರೇಷ್ಮೆಯಂತಿದ್ದ ಮಯೋನೀಸ್ ಬೆಳಿಗ್ಗೆ ಫ್ರಿಜ್ಜಿನಲ್ಲಿ ಸುಣ್ಣದ ಗಾರೆಯಂತಾಗುತ್ತದೆ, ಹೊರಗಿಟ್ಟು ಕರಗಿಸಿದರೆ ಎಣ್ಣೆ ಬಿಡುತ್ತದೆ. ಗಟ್ಟಿಯಾಗುವಾಗ ಹುಟ್ಟುವ ಕೊಬ್ಬಿನ ಹರಳುಗಳು ಹನಿಗಳ ಹೊದಿಕೆಯನ್ನು ಚುಚ್ಚಿ ಹರಿಯುವುದೇ ಕಾರಣ. ಶೇಂಗಾ ಎಣ್ಣೆಯೂ ಫ್ರಿಜ್ಜಿನಲ್ಲಿ ಮಬ್ಬಾಗಿ ದಪ್ಪಗಾಗುತ್ತದೆ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಆ ತಂಪಿನಲ್ಲೂ ತಿಳಿಯಾಗಿಯೇ ಇರುತ್ತದೆ. ಮಯೋನೀಸನ್ನು ಫ್ರೀಜರಿನಲ್ಲಿ ಇಟ್ಟರೆ ಯಾವ ಎಣ್ಣೆಯೂ ಕಾಪಾಡುವುದಿಲ್ಲ.

ಬಾಟಲಿಯಲ್ಲಿ ಸರಿಯಿದ್ದು ಸ್ಯಾಂಡ್‌ವಿಚ್‌ನಲ್ಲಿ ನೀರಾದರೆ ಮಯೋನೀಸನ್ನು ಬೈಯಬೇಡಿ, ಸೌತೆಕಾಯಿಯನ್ನು ಹಿಡಿಯಿರಿ. ಹೆಚ್ಚಿದ ಸೌತೆ, ಎಲೆಕೋಸಿಗೆ ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು, ಕೋಸಂಬರಿಯ ಸೌತೆ ನೀರು ಬಿಡುತ್ತದಲ್ಲ, ಹಾಗೆ ಬಿಟ್ಟದ್ದನ್ನು ಹಿಂಡಿ ತೆಗೆದು ಆಮೇಲೆ ಬೆರೆಸಿ. ಟೋಸ್ಟರಿನಲ್ಲಿ ಇಟ್ಟ ಸ್ಯಾಂಡ್‌ವಿಚ್ ಎಣ್ಣೆ ಕಾರುವುದು ಶಾಖದಿಂದ. ಹಾಲಿನ ಮಯೋನೀಸ್ ಅಷ್ಟು ಬಿಸಿ ತಡೆಯದು, ಬ್ರೆಡ್ ಸುಟ್ಟ ಮೇಲೆ ಹಚ್ಚಿ.

"ಅಂಗಡಿಯದು ತಿಂಗಳುಗಟ್ಟಲೆ ಗಟ್ಟಿಯಾಗಿರುತ್ತದೆ, ಇದೇಕೆ ಇರುವುದಿಲ್ಲ?" ಎಂಬುದು ನಾದಿನಿಯ ಇನ್ನೊಂದು ಪ್ರಶ್ನೆ. ಹಸಿರು ಚುಕ್ಕೆಯ ಆ ಬಾಟಲಿಯ ಹಿಂಬದಿ ಓದಿದರೆ ಉತ್ತರ ಸಿಗುತ್ತದೆ. 1422 ಎಂದರೆ ಮಾರ್ಪಡಿಸಿದ ಪಿಷ್ಟ, 415 ಎಂದರೆ ಕ್ಸಾಂಥನ್ ಗೋಂದು, 211 ಮತ್ತು 202 ಕೆಡದಂತೆ ಕಾಯುವವು. ಅಲ್ಲಿ ಗಟ್ಟಿತನದ ದೊಡ್ಡ ಪಾಲು ಪಿಷ್ಟ ಮತ್ತು ಗೋಂದಿನದು, ಆದ್ದರಿಂದ ಎಣ್ಣೆ ಕಡಿಮೆಯಿದ್ದರೂ ನಡೆಯುತ್ತದೆ. ಮನೆಯದಕ್ಕೂ ಒಂದು ಚಿಟಿಕೆ ಕ್ಸಾಂಥನ್ ಹಾಕಬಹುದು, ಎಣ್ಣೆಯಲ್ಲಿ ಕದಡಿಯೇ ಹಾಕಿ. ನೇರ ಉದುರಿಸಿದರೆ ಮೀನಿನ ಕಣ್ಣಿನಂಥ ಗಂಟುಗಳಾಗುತ್ತವೆ. ಚಿಟಿಕೆ ದಾಟಿದರೆ ಲೋಳೆ.

ಮೊಟ್ಟೆಯಿಲ್ಲ ಎಂದ ಮಾತ್ರಕ್ಕೆ ಹೊರಗಿಡಬಹುದು ಎಂದಲ್ಲ. ಇದು ಹಾಲು. ಹಸಿ ಬೆಳ್ಳುಳ್ಳಿ ಹಾಕಿದ್ದರೆ ಇನ್ನೂ ಎಚ್ಚರ ಬೇಕು. ಒಣಗಿದ ಬಾಟಲಿ, ಒಣಗಿದ ಚಮಚ, ಫ್ರಿಜ್ಜಿನಲ್ಲಿ ಮೂರು ದಿನ. ಪಾರ್ಟಿಯಲ್ಲಿ ಎರಡು ಗಂಟೆ ಮೇಜಿನ ಮೇಲಿದ್ದದ್ದು ಬಾಟಲಿಗೆ ಮರಳಬಾರದು.

ಕಡಲೆ ಬೇಯಿಸಿದ ನೀರಿನದು

ಕಾಬೂಲಿ ಕಡಲೆ ಬೇಯಿಸಿದ ನೀರು ಮೊಟ್ಟೆಯ ಬಿಳಿಯಂತೆ ನೊರೆಯೇಳುತ್ತದೆ ಎಂದು 2014ರಲ್ಲಿ ತೋರಿಸಿದವರು ಫ್ರಾನ್ಸಿನ ಸಂಗೀತಗಾರ ಜೋಯೆಲ್ ರೋಸೆಲ್. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ಆಕ್ವಾಫಾಬಾ ಎಂದು ಹೆಸರಿಟ್ಟರು. ಇದರಲ್ಲಿ ಕಟ್ಟದಿದ್ದರೆ ಕಾರಣ ಬಹುತೇಕ ಒಂದೇ: ನಾವು ಕುಕ್ಕರಿಗೆ ಹಾಕುವ ನೀರು ಹೆಚ್ಚು. ಡಬ್ಬಿಯ ಕಡಲೆಯ ನೀರು ಲೋಳೆಯಾಗಿರುತ್ತದೆ, ನಮ್ಮದು ಸಾರಿನಂತೆ. ಸೋಸಿದ ನೀರನ್ನು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಫ್ರಿಜ್ಜಿನಲ್ಲಿಡಿ. ತಣ್ಣಗಾದಾಗ ಚಮಚದಿಂದ ಲೋಳೆಯಂತೆ ಇಳಿದರೆ ಹದವಾಗಿದೆ, ಇಲ್ಲದಿದ್ದರೆ ಮತ್ತೆ ಕುದಿಸಿ. ಮೂರು ದೊಡ್ಡ ಚಮಚಕ್ಕೆ 180 ಮಿಲಿ ಎಣ್ಣೆ. ಇಲ್ಲಿ ಕೇಸಿನ್ ಇಲ್ಲದ್ದರಿಂದ ಹುಳಿ ಮೊದಲೇ ಹಾಕಿದರೂ ನಡೆಯುತ್ತದೆ. ಸೋಡಾ ಹಾಕಿ ಬೇಯಿಸಿದ ನೀರು ಬೇಡ, ಸಾಬೂನಿನ ರುಚಿ ಬರುತ್ತದೆ.

ನಾದಿನಿಯ ಮಯೋನೀಸ್ ಅರ್ಧ ಲೋಟ ಎಣ್ಣೆ ಕುಡಿದು, ಮೂರು ಚಮಚ ವಿನೆಗರಿಗೆ ಸರಿಹೋಯಿತು. ಸಂಜೆ ಏಳಕ್ಕೆ ಮತ್ತೆ ಫೋನ್: ಮಕ್ಕಳಿಗೆ ಸಾಲದೆ ಎರಡನೆಯ ಸುತ್ತು ಮಾಡಲು ಹೋಗಿ, ಆಗಷ್ಟೇ ತೊಳೆದ ಬಿಸಿ ಜಾರಿನಲ್ಲಿ ಹಾಕಿ ಒಡೆದಿದ್ದಳು. ಹೊಸ ಹಾಲೂ ಮನೆಯಲ್ಲಿ ಉಳಿದಿರಲಿಲ್ಲ. ಉಪ್ಪು, ಬೆಳ್ಳುಳ್ಳಿ, ಸಾಸಿವೆ ಎಲ್ಲವೂ ಇರುವ ಆ ಒಡೆದ ಎಣ್ಣೆಹಾಲನ್ನು ಅಕ್ಕಿಹಿಟ್ಟಿಗೆ ಸುರಿದು, ಸಬ್ಬಸಿಗೆ ಸೊಪ್ಪು ಹೆಚ್ಚಿ ಹಾಕಿ ರೊಟ್ಟಿ ತಟ್ಟಲು ಹೇಳಿದೆ. ಕಾವಲಿಗೆ ಬೇರೆ ಎಣ್ಣೆ ಬೇಕಾಗಲಿಲ್ಲವಂತೆ.